ಮೊಣಕಾಲ ನೋವಿಗೆ ನಿತ್ಯ ಮಾತ್ರೆ: ಮೂತ್ರಪಿಂಡದ ಲೆಕ್ಕ ಇಡುವವರಾರು?

ಹೈದರಾಬಾದ್: ನೋವಿನ ಮಾತ್ರೆಗಳ ಪೈಕಿ ಮನೆಮನೆಗೂ ಪರಿಚಿತವಾದ ನಿಮೆಸುಲೈಡ್ ಮೇಲೆ ಕೇಂದ್ರ ಆರೋಗ್ಯ ಸಚಿವಾಲಯವು 2025ರ ಡಿಸೆಂಬರ್ ಕೊನೆಯಲ್ಲಿ ಮತ್ತೊಂದು ನಿರ್ಬಂಧ ಹೇರಿತು. ಹೊಟ್ಟೆಗೆ ಹೋದ ಕೂಡಲೇ ಬಿಡುಗಡೆಯಾಗುವ ಬಗೆಯ, 100 ಮಿಲಿಗ್ರಾಂಗಿಂತ ಹೆಚ್ಚು ಪ್ರಮಾಣದ ನಿಮೆಸುಲೈಡ್ ಔಷಧಗಳ ತಯಾರಿಕೆ, ಮಾರಾಟ ಮತ್ತು ವಿತರಣೆಯನ್ನು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ಎ ಕಲಮಿನಡಿ ನಿಷೇಧಿಸಲಾಯಿತು. ಇದರಿಂದ ಜನರ ಆರೋಗ್ಯಕ್ಕೆ ಅಪಾಯವಿದೆ, ಇದಕ್ಕಿಂತ ಸುರಕ್ಷಿತವಾದ ಬದಲಿ ಔಷಧಗಳು ಲಭ್ಯವಿವೆ ಎಂಬುದು ಸರಕಾರ ನೀಡಿದ ಕಾರಣ. ಬಹುತೇಕ ಮನೆಗಳ ಮಾತ್ರೆ ಡಬ್ಬಿಯಲ್ಲಿರುವ 100 ಮಿಲಿಗ್ರಾಂ ಮಾತ್ರೆಗೆ ಈ ನಿಷೇಧ ತಗಲುವುದಿಲ್ಲ.

ಪತ್ರಿಕೆಯ ಒಂದು ಮೂಲೆಯಲ್ಲಿ ಬಂದು ಮರೆಯಾಗುವ ಇಂಥ ಸುದ್ದಿ ಇಲ್ಲಿನ ಕನ್ನಡಿಗರಿಗೆ ಎರಡು ಕಾರಣಗಳಿಂದ ಹತ್ತಿರದ್ದು. ಮೊದಲನೆಯದು, ನೋವಿನ ಮಾತ್ರೆ ಈ ಊರಿನ ಉತ್ಪನ್ನ. ಎರಡನೆಯದು, ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಮಕ್ಕಳ ಮನೆಗೆ ಬಂದು ನೆಲೆಸಿರುವ ಹಿರಿಯರ ದಿನಚರಿಯಲ್ಲಿ ಬೆಳಗಿನ ಚಹಾದಷ್ಟೇ ಖಾತ್ರಿಯಾಗಿ ಒಂದು ನೋವಿನ ಮಾತ್ರೆಯೂ ಸೇರಿಕೊಂಡಿದೆ. ಹಬ್ಬಕ್ಕೆ ಊರಿಗೆ ಹೊರಟ ಮಗ ಅಮ್ಮನಿಗೆ ಸೀರೆಯ ಜತೆ ಹತ್ತು ಪಟ್ಟಿ ಮಾತ್ರೆ ಕಟ್ಟಿಕೊಂಡು ಹೋಗುವುದೂ ಹೊಸ ಸಂಗತಿಯಲ್ಲ. ಅದು ಪ್ರೀತಿಯೇ ಸರಿ, ಆದರೆ ಆ ಹತ್ತು ಪಟ್ಟಿ ಮುಗಿಯುವವರೆಗೆ ಅಮ್ಮನ ರಕ್ತ ಪರೀಕ್ಷೆ ಯಾರು ಮಾಡಿಸುತ್ತಾರೆ ಎಂಬ ಪ್ರಶ್ನೆ ಮಾತ್ರ ಕಟ್ಟಿನೊಳಗೆ ಸೇರುವುದಿಲ್ಲ.

ಮಾತ್ರೆಯ ತವರೂರು

ಬಾಲಾನಗರದಲ್ಲಿ ಐಡಿಪಿಎಲ್ ಎಂಬ ಸರಕಾರಿ ಔಷಧ ಕಾರ್ಖಾನೆ ತಲೆಯೆತ್ತಿದ 1960ರ ದಶಕದಿಂದಲೇ ಹೈದರಾಬಾದು ಕಚ್ಚಾ ಔಷಧಗಳ ಊರಾಗತೊಡಗಿತು. ಆ ಕಾರ್ಖಾನೆಯಲ್ಲಿ ದುಡಿದ ಅಂಜಿ ರೆಡ್ಡಿಯವರು 1984ರಲ್ಲಿ ಸ್ಥಾಪಿಸಿದ ಡಾ. ರೆಡ್ಡೀಸ್ ಸಂಸ್ಥೆಯ ಹೆಸರಾಂತ ಮಾತ್ರೆಗಳಲ್ಲಿ ‘ನೈಸ್’ ಒಂದು, ಅದರಲ್ಲಿರುವುದು ನಿಮೆಸುಲೈಡ್. ವಿಜಯವಾಡ ಹೆದ್ದಾರಿಯ ಚೌಟುಪ್ಪಲ್ ಬಳಿಯಿಂದ ಆರಂಭಿಸಿದ ದಿವೀಸ್ ಕಂಪನಿ ನ್ಯಾಪ್ರೋಕ್ಸೆನ್ ಎಂಬ ಉರಿಯೂತ ನಿವಾರಕವನ್ನು ಜಗತ್ತಿಗೆ ಒದಗಿಸುವ ಅತಿ ದೊಡ್ಡ ತಯಾರಕರಲ್ಲಿ ಒಂದು. ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್‌ಗೆ ಹೆಸರಾದ ಗ್ರ್ಯಾನ್ಯೂಲ್ಸ್ ಕಂಪನಿಯೂ ಇಲ್ಲಿನದೇ. ಈ ಉದ್ಯಮದಲ್ಲಿ ದುಡಿಯುವ ರಸಾಯನಶಾಸ್ತ್ರ ಪದವೀಧರರಲ್ಲಿ ಕನ್ನಡದ ಹುಡುಗರೂ ಇದ್ದಾರೆ. ಹೀಗಾಗಿ ಮಾತ್ರೆಯನ್ನು ಬರೀ ಖಳನಾಯಕನಂತೆ ಚಿತ್ರಿಸುವುದು ಇಲ್ಲಿ ಯಾರಿಗೂ ಒಪ್ಪಿಗೆಯಾಗದು, ನ್ಯಾಯವೂ ಅಲ್ಲ. ಹಲ್ಲು ಕೀಳಿಸಿದಾಗ, ಕಾಲು ಉಳುಕಿದಾಗ, ಮುಟ್ಟಿನ ಹೊಟ್ಟೆನೋವಿನಲ್ಲಿ ನಾಲ್ಕೈದು ದಿನದ ಮಟ್ಟಿಗೆ ಈ ಮಾತ್ರೆಗಳು ಮಾಡುವ ಉಪಕಾರ ಸಣ್ಣದಲ್ಲ. ನಾಲ್ಕು ದಿನಕ್ಕೆಂದು ಬಂದದ್ದು ನಾಲ್ಕು ವರ್ಷ ಉಳಿದುಬಿಡುವುದರಲ್ಲಿ ತೊಂದರೆ ಇರುವುದು.

ಈ ಗುಂಪಿನ ಮಾತ್ರೆಗಳನ್ನು ವೈದ್ಯರು ಸ್ಟೀರಾಯ್ಡ್ ಅಲ್ಲದ ಉರಿಯೂತ ನಿವಾರಕಗಳು ಎನ್ನುತ್ತಾರೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರೋಕ್ಸೆನ್, ಮೆಫೆನಮಿಕ್ ಆಮ್ಲ, ನಿಮೆಸುಲೈಡ್, ಎಟೊರಿಕಾಕ್ಸಿಬ್ ಎಲ್ಲವೂ ಒಂದೇ ಮನೆತನದವು. ಜನ ಮಾತ್ರ ಇವುಗಳನ್ನು ಗುರುತಿಸುವುದು ವೋವೆರಾನ್, ಝೀರೋಡಾಲ್, ಬ್ರೂಫೆನ್, ಕಾಂಬಿಫ್ಲಾಮ್, ಮೆಫ್ಟಾಲ್ ಎಂಬ ಅಂಗಡಿ ಹೆಸರುಗಳಿಂದ. ಹೆಸರು ಬೇರೆಯಾದರೆ ಔಷಧವೂ ಬೇರೆ ಎಂದು ಭಾವಿಸಿ ಮೂಳೆ ವೈದ್ಯರು ಕೊಟ್ಟದ್ದೊಂದು, ಹಲ್ಲಿನ ವೈದ್ಯರು ಕೊಟ್ಟದ್ದೊಂದು, ಅಂಗಡಿಯವರು ಕೊಟ್ಟದ್ದೊಂದು ಎಂದು ಒಂದೇ ದಿನ ಮೂರನ್ನೂ ನುಂಗುವವರಿದ್ದಾರೆ. ಹಾಗೆ ಮಾಡಿದರೆ ನೋವು ಮೂರು ಪಟ್ಟು ಕಡಿಮೆಯಾಗುವುದಿಲ್ಲ, ಅಪಾಯ ಮಾತ್ರ ಕೂಡುತ್ತಾ ಹೋಗುತ್ತದೆ. ಡೋಲೊ, ಕ್ರೋಸಿನ್ ಮುಂತಾದ ಪ್ಯಾರಸಿಟಮಾಲ್ ಮಾತ್ರೆಗಳು ಈ ಮನೆತನಕ್ಕೆ ಸೇರಿದವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅವು ನೋವು, ಜ್ವರ ಇಳಿಸುತ್ತವೆ, ಊತ ಇಳಿಸುವುದಿಲ್ಲ.

ಇವು ಕೆಲಸ ಮಾಡುವ ಬಗೆಯನ್ನು 1971ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜಾನ್ ವೇನ್. ಅದಕ್ಕಾಗಿ ಅವರು 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲುದಾರರಾದರು. ಪೆಟ್ಟಾದ ಜಾಗದಲ್ಲಿ ದೇಹ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ಊತ, ಬಿಸಿ, ನೋವುಗಳಲ್ಲಿ ಅವುಗಳ ಪಾತ್ರ ದೊಡ್ಡದು. ಮಾತ್ರೆ ಆ ತಯಾರಿಕೆಯನ್ನೇ ತಡೆಯುತ್ತದೆ. ಆದರೆ ಅದೇ ರಾಸಾಯನಿಕಗಳು ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುತ್ತವೆ. ಮೊಣಕಾಲಿನಲ್ಲಿ ನಿಲ್ಲಿಸಿ, ಹೊಟ್ಟೆಯಲ್ಲಿ ನಿಲ್ಲಿಸಬೇಡ ಎಂದು ಮಾತ್ರೆಗೆ ಹೇಳಲು ಬರುವುದಿಲ್ಲ. ಹರೆಯದವರ ಗಟ್ಟಿ ಮೂತ್ರಪಿಂಡ ಕೆಲವು ದಿನ ಇದನ್ನು ಸಹಿಸಿಕೊಂಡೀತು. ಸಕ್ಕರೆ ಕಾಯಿಲೆಯಿಂದ ಈಗಾಗಲೇ ಸೊರಗಿರುವ ಅರವತ್ತೈದರ ಮೂತ್ರಪಿಂಡಕ್ಕೆ, ಅದೂ ಏಪ್ರಿಲ್-ಮೇ ತಿಂಗಳ ಈ ಊರಿನ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದ ದಿನ, ಆ ತಾಳ್ಮೆ ಇರುವುದಿಲ್ಲ.

ಬಿ.ಪಿ. ಮಾತ್ರೆಯ ಜತೆ ಸೇರಿದಾಗ ಇದು ಇನ್ನಷ್ಟು ಬಿಗಡಾಯಿಸುತ್ತದೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಬಗೆಯ ರಕ್ತದೊತ್ತಡದ ಮಾತ್ರೆ, ಅದರೊಂದಿಗೆ ಮೂತ್ರ ಹೆಚ್ಚಿಸುವ ಮಾತ್ರೆ, ಇವೆರಡರ ಮೇಲೆ ನೋವಿನ ಮಾತ್ರೆ: ಈ ಮೂರೂ ಒಟ್ಟಾದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಏಟು ಬಿದ್ದಂತೆ ಎಂದು ವೈದ್ಯಕೀಯ ಪುಸ್ತಕಗಳು ಎಚ್ಚರಿಸುತ್ತವೆ. ಬಿ.ಪಿ.ಗೆ ಕೊಡುವ ಅನೇಕ ಮಾತ್ರೆಗಳಲ್ಲಿ ಮೊದಲೆರಡು ಒಟ್ಟಿಗೇ ಸೇರಿರುತ್ತವೆ. ಮೂರನೆಯದನ್ನು ತಂದು ಸೇರಿಸುವವರು ಹೆಚ್ಚಾಗಿ ರೋಗಿಯೋ ಮನೆಯವರೋ ಆಗಿರುತ್ತಾರೆ. ಹೃದಯದ ವೈದ್ಯರಿಗೆ ಅದರ ಸುದ್ದಿಯೇ ಇರುವುದಿಲ್ಲ. ‘ಯಾವ ಮಾತ್ರೆ ತಗೋತೀರಿ’ ಎಂದು ಕೇಳಿದರೆ ಹಿರಿಯರು ಸಕ್ಕರೆಯದು, ಬಿ.ಪಿ.ಯದು ಹೇಳುತ್ತಾರೆ. ನೋವಿನದನ್ನು ಯಾರೂ ಮಾತ್ರೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೃದಯಕ್ಕೂ ಇದರ ಬಿಸಿ ತಟ್ಟುತ್ತದೆ. ನೂರಾರು ಪ್ರಯೋಗಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ 2013ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನಕ್ಕೆ 150 ಮಿಲಿಗ್ರಾಂ ಡೈಕ್ಲೊಫೆನಾಕ್‌ನಂಥ ದೊಡ್ಡ ಪ್ರಮಾಣವನ್ನು ಒಂದು ವರ್ಷ ತೆಗೆದುಕೊಂಡ 1,000 ಜನರಲ್ಲಿ, ತೆಗೆದುಕೊಳ್ಳದವರಿಗಿಂತ ಸುಮಾರು ಮೂವರಿಗೆ ಹೆಚ್ಚಾಗಿ ಹೃದಯಾಘಾತದಂಥ ಗಂಭೀರ ತೊಂದರೆ ಆಗುತ್ತದೆ, ಅದರಲ್ಲಿ ಒಂದು ಸಾವಿಗೆ ಕಾರಣವಾಗುತ್ತದೆ. ನ್ಯಾಪ್ರೋಕ್ಸೆನ್ ಹೃದಯದ ವಿಷಯದಲ್ಲಿ ಅಷ್ಟು ಕೆಟ್ಟದಲ್ಲ ಎಂದು ಅದೇ ಅಧ್ಯಯನ ಕಂಡಿತು, ಆದರೆ ಜಠರದ ರಕ್ತಸ್ರಾವದ ವಿಷಯದಲ್ಲಿ ಅದಕ್ಕೆ ವಿನಾಯಿತಿ ಸಿಗಲಿಲ್ಲ. ಸಾವಿರಕ್ಕೆ ಮೂರು ಎಂದರೆ ಹೆದರಿ ಓಡುವಷ್ಟಲ್ಲ, ನಿಜ. ಆದರೆ ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರಿಗೆ ಆ ಲೆಕ್ಕ ಸಾವಿರಕ್ಕೆ ಮೂರರಲ್ಲಿ ನಿಲ್ಲುವುದಿಲ್ಲ.

ನಿಷೇಧದ ನಿಧಾನಗತಿ

ಸರಕಾರ ನಿಷೇಧಿಸಿಲ್ಲ ಎಂದ ಮೇಲೆ ಸುರಕ್ಷಿತವೇ ತಾನೇ ಎಂಬುದು ಸಾಮಾನ್ಯ ನಂಬಿಕೆ. ನಿಮೆಸುಲೈಡ್ ಕಥೆ ನೋಡಿದರೆ ಆ ನಂಬಿಕೆ ಅಲುಗಾಡುತ್ತದೆ. 1985ರಲ್ಲಿ ಇಟಲಿಯಲ್ಲಿ ಮಾರುಕಟ್ಟೆಗೆ ಬಂದ ಈ ಔಷಧಕ್ಕೆ ಅಮೆರಿಕ ಎಂದೂ ಪರವಾನಗಿ ನೀಡಲಿಲ್ಲ. ಯಕೃತ್ತಿಗೆ ಹಾನಿಯಾದ ವರದಿಗಳ ಬೆನ್ನಲ್ಲೇ ಫಿನ್ಲೆಂಡ್ ಮತ್ತು ಸ್ಪೇನ್ 2002ರಲ್ಲಿ ಮಾರಾಟ ನಿಲ್ಲಿಸಿದವು, 2007ರಲ್ಲಿ ಐರ್ಲೆಂಡ್ ಕೂಡ ಅದೇ ಹಾದಿ ಹಿಡಿಯಿತು. ಅದೇ ವರ್ಷ ಯುರೋಪಿನ ಔಷಧ ಸಂಸ್ಥೆ 15 ದಿನಕ್ಕಿಂತ ಹೆಚ್ಚು ಕೊಡಕೂಡದು ಎಂದು ಮಿತಿ ಹಾಕಿತು. 2011ರಲ್ಲಿ ಇನ್ನೂ ಮುಂದೆ ಹೋಗಿ, ಕೀಲು ಸವೆತದ ದೀರ್ಘಕಾಲದ ನೋವಿಗೆ ಈ ಔಷಧ ಬೇಡವೇ ಬೇಡ ಎಂದು ಶಿಫಾರಸು ಮಾಡಿತು. ಭಾರತದಲ್ಲಿ 2011ರ ಫೆಬ್ರವರಿಯಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಿಷೇಧಿಸಲಾಯಿತು. ಅಲ್ಲಿಂದ ದೊಡ್ಡವರ ಹೆಚ್ಚಿನ ಪ್ರಮಾಣದ ಮಾತ್ರೆ ನಿಲ್ಲಲು ಸುಮಾರು 15 ವರ್ಷ ಹಿಡಿಯಿತು. ಯುರೋಪು ಬೇಡವೆಂದ ಅದೇ ಕೀಲುನೋವಿಗೆ ಇಲ್ಲಿ ಇಂದಿಗೂ ಮಾತ್ರೆ ಕೈಬದಲಾಗುತ್ತಲೇ ಇದೆ.

ಬೇಗ ಆದ ನಿಷೇಧಗಳೂ ಇಲ್ಲದಿಲ್ಲ. ಹೃದಯಾಘಾತದ ಭೀತಿಯಿಂದ ಮರ್ಕ್ ಕಂಪನಿ ರೋಫೆಕಾಕ್ಸಿಬ್ ಮಾತ್ರೆಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದದ್ದು 2004ರ ಸೆಪ್ಟೆಂಬರ್ 30ರಂದು. ಅದೇ ಡಿಸೆಂಬರ್‌ನಲ್ಲಿ ಭಾರತ ಅದನ್ನು ನಿಷೇಧಿಸಿತು, ಮರುವರ್ಷ ಅದರ ಸೋದರ ವ್ಯಾಲ್ಡೆಕಾಕ್ಸಿಬ್ ಸರದಿ. ಆದರೆ ಎರಡು-ಮೂರು ಔಷಧ ಬೆರೆಸಿ ಒಂದೇ ಮಾತ್ರೆ ಮಾಡುವ ಮಿಶ್ರಣಗಳ ವಿಷಯದಲ್ಲಿ ಕಥೆ ಎಳೆದಾಡಿತು. 2016ರ ಮಾರ್ಚ್‌ನಲ್ಲಿ 344 ಮಿಶ್ರಣಗಳನ್ನು ನಿಷೇಧಿಸಿದ ಪಟ್ಟಿಯಲ್ಲಿ ಅಸಿಕ್ಲೊಫೆನಾಕ್-ಪ್ಯಾರಸಿಟಮಾಲ್-ರ‍್ಯಾಬೆಪ್ರಜೋಲ್ ಕೂಡ ಇತ್ತು, ನಿಮೆಸುಲೈಡ್-ಡೈಕ್ಲೊಫೆನಾಕ್ ಎಂಬ ವಿಚಿತ್ರ ಜೋಡಿಯೂ ಇತ್ತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು, ದಿಲ್ಲಿ ಹೈಕೋರ್ಟ್ ನಿಷೇಧ ರದ್ದುಪಡಿಸಿತು, ಸುಪ್ರೀಂ ಕೋರ್ಟ್ ಮತ್ತೆ ತಜ್ಞರಿಂದ ಪರಿಶೀಲನೆ ಮಾಡಿಸಿತು. ಕೊನೆಗೆ 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳು ನಿಂತವು. 2023ರ ಜೂನ್‌ನಲ್ಲಿ ಇನ್ನೂ 14 ನಿಷೇಧಗೊಂಡಾಗ ಅದರಲ್ಲಿ ನಿಮೆಸುಲೈಡ್-ಪ್ಯಾರಸಿಟಮಾಲ್ ಕರಗುವ ಮಾತ್ರೆಯೂ ಸೇರಿತ್ತು. ಅದೇ ವರ್ಷದ ಕೊನೆಗೆ ಭಾರತೀಯ ಔಷಧಕೋಶ ಆಯೋಗ ಮೆಫೆನಮಿಕ್ ಆಮ್ಲದ ಬಗ್ಗೆ ಎಚ್ಚರಿಕೆ ಹೊರಡಿಸಿ, ಚರ್ಮದ ದದ್ದು, ಜ್ವರ, ಒಳ ಅಂಗಗಳ ಹಾನಿ ಒಟ್ಟಾಗಿ ಬರುವ ಅಪರೂಪದ ಅಲರ್ಜಿಯತ್ತ ಗಮನವಿಡಲು ವೈದ್ಯರಿಗೂ ರೋಗಿಗಳಿಗೂ ಸೂಚಿಸಿತು.

ಈ ನಡುವೆ ರಣಹದ್ದುಗಳ ಪ್ರಕರಣವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ನೋವಿಗೆಂದು ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೊಫೆನಾಕ್, ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತದೆ ಎಂಬುದು 2004ರಲ್ಲಿ ಬೆಳಕಿಗೆ ಬಂತು. ಅಷ್ಟರಲ್ಲಿ ಕೋಟಿಗಟ್ಟಲೆ ಇದ್ದ ಹದ್ದುಗಳಲ್ಲಿ ಬಹುಪಾಲು ಇಲ್ಲವಾಗಿದ್ದವು. 2006ರಲ್ಲಿ ಪಶುಗಳಿಗೆ ಡೈಕ್ಲೊಫೆನಾಕ್ ನಿಂತಿತು, 2023ರಲ್ಲಿ ಅಸಿಕ್ಲೊಫೆನಾಕ್ ಮತ್ತು ಕೀಟೊಪ್ರೊಫೆನ್, 2025ರಲ್ಲಿ ನಿಮೆಸುಲೈಡ್. ಹೈದರಾಬಾದಿನ ನೆಹರೂ ಪ್ರಾಣಿಸಂಗ್ರಹಾಲಯದಲ್ಲಿ ಹದ್ದುಗಳ ಸಂತಾನಾಭಿವೃದ್ಧಿ ಕೇಂದ್ರ ಇರುವುದಕ್ಕೂ, ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಧಾಮವಾದುದಕ್ಕೂ ಹಿನ್ನೆಲೆ ಇದೇ. ಮನುಷ್ಯನ ಮೂತ್ರಪಿಂಡ ಹದ್ದಿನದರಷ್ಟು ಸೂಕ್ಷ್ಮವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೂ ದನಕ್ಕೆ ಪೂರ್ತಿ ಬೇಡವೆಂದ ನಿಮೆಸುಲೈಡ್, ಅದೇ ವರ್ಷ ಮನುಷ್ಯನಿಗೆ ಕೇವಲ ಹೆಚ್ಚಿನ ಪ್ರಮಾಣದಲ್ಲಿ ಮಾತ್ರ ಬೇಡವಾಯಿತು ಎಂಬುದು ವಿಪರ್ಯಾಸವೇ.

ಡೈಕ್ಲೊಫೆನಾಕ್, ನಿಮೆಸುಲೈಡ್ ಇವೆಲ್ಲ ‘ಶೆಡ್ಯೂಲ್ ಎಚ್’ ಔಷಧಗಳು. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಪಟ್ಟಿಯ ಹಿಂಬದಿಯಲ್ಲೇ ಅಚ್ಚಾಗಿರುತ್ತದೆ. ಅಂಗಡಿಯ ಕಟ್ಟೆಯಲ್ಲಿ ಆ ಅಕ್ಷರಗಳಿಗೆ ಎಷ್ಟು ಬೆಲೆ ಎಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ.

ಎಲ್ಲ ನೋವೂ ‘ನೊಪ್ಪಿ’ಯೇ?

ಇಲ್ಲಿ ಹೊರನಾಡಿನವರಿಗೇ ವಿಶಿಷ್ಟವಾದ ಒಂದು ತೊಡಕಿದೆ. ಮೂರು ತಿಂಗಳಿಗಿಂತ ಹೆಚ್ಚು ಉಳಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಆದರೆ ಅದರಲ್ಲಿ ಹಲವು ಜಾತಿಗಳಿವೆ. ಕನ್ನಡದಲ್ಲಿ ಇವುಗಳಿಗೆ ಬೇರೆಬೇರೆ ಮಾತುಗಳೇ ಇವೆ. ಅಂಗಾಲು ಉರಿಯುತ್ತದೆ, ಜೋಮು ಹಿಡಿಯುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ ಎಂದರೆ ಅದು ಬಹುಮಟ್ಟಿಗೆ ನರದ ನೋವು. ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯ. ಬೆಳಗ್ಗೆ ಎದ್ದಾಗ ಬೆರಳುಗಳು ಬಿಗಿದು, ಮಡಚಲು ಬಾರದೆ, ಒಂದು ತಾಸಾದ ಮೇಲೆ ಸಡಿಲವಾಗುತ್ತವೆ ಎಂದರೆ ಅದು ಸಂಧಿವಾತದ ಸೂಚನೆ. ಹತ್ತು ಮೆಟ್ಟಿಲು ಹತ್ತಿದಾಗ ಕಳಕ್ಕೆಂದು, ಕೂತಾಗ ತಣ್ಣಗಾಗುವ ಮಂಡಿನೋವು ಸವೆತದ್ದು. ಸೊಂಟದಲ್ಲಿ ಚಳಕು ಹಿಡಿಯುವುದು ಮತ್ತೊಂದು.

ತೆಲುಗು ಬಾರದ ಅತ್ತೆ ಕಲಬುರಗಿಯ ಕನ್ನಡದಲ್ಲಿ ‘ಅಂಗಾಲ ಉರೀತಾವ, ಜುಮುಜುಮು ಅಂತಾವ, ರಾತ್ರಿ ನಿದ್ದಿ ಇಲ್ಲ’ ಎಂದು ಹೇಳಿದ್ದು ಸೊಸೆಯ ಬಾಯಲ್ಲಿ ತೆಲುಗಾಗಿ ‘ಕಾಳ್ಳ ನೊಪ್ಪಿ’ ಎಂದಷ್ಟೇ ವೈದ್ಯರಿಗೆ ತಲುಪುತ್ತದೆ. ಸೊಸೆಯ ತಪ್ಪಲ್ಲ, ಅವಳೂ ತೆಲುಗನ್ನು ತರಕಾರಿ ಮಾರುಕಟ್ಟೆಯಲ್ಲಿ ಕಲಿತವಳು. ಹೊರಗೆ ನಲವತ್ತು ರೋಗಿಗಳು ಕಾದಿರುವಾಗ ಕಾಲುನೋವಿಗೆ ವೈದ್ಯರು ಬರೆಯುವುದು ಉರಿಯೂತ ನಿವಾರಕವನ್ನೇ. ನರದ ಉರಿಗೆ ಈ ಮಾತ್ರೆಗಳಿಂದ ಪ್ರಯೋಜನ ಅತ್ಯಲ್ಪ. ಅದಕ್ಕೆ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್ ಮುಂತಾದ ಬೇರೆಯೇ ಔಷಧಗಳಿವೆ, ಮೊದಲು ಸಕ್ಕರೆ ಹತೋಟಿಗೆ ಬರಬೇಕು. ಮಾತ್ರೆ ಕೆಲಸ ಮಾಡಲಿಲ್ಲವೆಂದು ಪ್ರಮಾಣ ಹೆಚ್ಚಿಸಿದರೆ, ಸಕ್ಕರೆ ಕಾಯಿಲೆ ಯಾವ ಮೂತ್ರಪಿಂಡವನ್ನು ತಿನ್ನುತ್ತಿದೆಯೋ ಅದನ್ನೇ ಮಾತ್ರೆಯೂ ತಿನ್ನತೊಡಗುತ್ತದೆ.

ಸಂಧಿವಾತದಲ್ಲಿ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ಉರಿಯೂತ ನಿವಾರಕ ನಿಜಕ್ಕೂ ಕೆಲಸ ಮಾಡುತ್ತದೆ, ಬಿಗಿತ ಸಡಿಲಿಸುತ್ತದೆ, ಹಾಗಾಗಿ ರೋಗ ಹಿಡಿತದಲ್ಲಿದೆ ಎಂಬ ಭ್ರಮೆ ಹುಟ್ಟುತ್ತದೆ. ಒಳಗೊಳಗೇ ಕೀಲು ಸವೆಯುವುದು ನಿಂತಿರುವುದಿಲ್ಲ. ಅದನ್ನು ತಡೆಯಬಲ್ಲದ್ದು ಮೆಥೊಟ್ರೆಕ್ಸೇಟ್‌ನಂಥ ರೋಗದ ಗತಿ ಬದಲಿಸುವ ಔಷಧ, ಅದೂ ಆರಂಭದ ತಿಂಗಳುಗಳಲ್ಲೇ ಶುರುವಾದರೆ. ಎರಡು ವರ್ಷ ಅಂಗಡಿ ಮಾತ್ರೆಯಲ್ಲಿ ಕಳೆದು ಬೆರಳು ಸೊಟ್ಟಗಾದ ಮೇಲೆ ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆಯ ಸಂಧಿವಾತ ವಿಭಾಗದ ಸರತಿ ಸಾಲಿನಲ್ಲಿ ನಿಂತರೆ ಸೊಟ್ಟಗಾದದ್ದು ನೆಟ್ಟಗಾಗುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಯುವಕರ ಬೆನ್ನುಮೂಳೆಯ ಕೀಲುಗಳನ್ನು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ಈ ಮಾತ್ರೆಗಳೇ ಮೊದಲ ಚಿಕಿತ್ಸೆ, ತಿಂಗಳುಗಟ್ಟಲೆ ಬೇಕಾಗಬಹುದು. ವೈದ್ಯರು ಲೆಕ್ಕ ಹಾಕಿ ಬರೆದುಕೊಟ್ಟವರು ಈ ಲೇಖನ ಓದಿ ದಿಢೀರನೆ ನಿಲ್ಲಿಸಬಾರದು. ಹೃದಯಕ್ಕೆಂದು ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್‌ಗೂ ಇದೇ ಮಾತು. ಅದು ನೋವಿಗೆ ಕೊಟ್ಟದ್ದಲ್ಲ.

ನೋವಿನ ಮೂಲ ಹುಡುಕದೆ ಮಾತ್ರೆ ಕೊಡುವುದು ಎಲ್ಲಿಗೂ ಮುಟ್ಟಿಸುವುದಿಲ್ಲ ಎಂಬುದಕ್ಕೆ ಹೈದರಾಬಾದಿಗೂ ಮಲೆನಾಡಿಗೂ ನಂಟಿರುವ ಒಂದು ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಸೊಂಟ, ಮೊಣಕಾಲುಗಳ ತೀವ್ರ ನೋವಿನಿಂದ ಜನ ನಡೆಯಲಾರದೆ ಕುಸಿಯತೊಡಗಿದಾಗ, ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳಾದ ಕೃಷ್ಣಮಾಚಾರಿ ಮತ್ತು ರಮೇಶ್ ಭಟ್ ಅಲ್ಲಿಗೆ ಹೋಗಿ ಅಧ್ಯಯನ ನಡೆಸಿದರು. ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂಬ ಅರ್ಥದ ಹೆಸರಿಟ್ಟವರು ಅವರೇ. ಗದ್ದೆಗೆ ಸಿಂಪಡಿಸಿದ ಕೀಟನಾಶಕ, ಗದ್ದೆಯ ಏಡಿ ಎಲ್ಲದರ ಮೇಲೂ ಅನುಮಾನಗಳು ಹುಟ್ಟಿಕೊಂಡವು. ಮುಂದಿನ ಸಂಶೋಧನೆಗಳು ಇದು ತಲೆಮಾರಿನಿಂದ ತಲೆಮಾರಿಗೆ ಹರಿಯುವ ಮೂಳೆ ಬೆಳವಣಿಗೆಯ ದೋಷ ಎಂದು ತೋರಿಸಿದವು. ಹೆಚ್ಚಾಗಿ ಬಡ ದಲಿತ ಕುಟುಂಬಗಳು ಇದಕ್ಕೆ ತುತ್ತಾದವು. ನೋವಿನ ಮಾತ್ರೆಯಿಂದ ಅವರ ಒಂದು ದಿನ ಹಗುರಾಗಿರಬಹುದು, ಕಾಯಿಲೆ ಒಂದಂಗುಲವೂ ಕದಲಲಿಲ್ಲ. ನೆರೆಯ ನಲ್ಗೊಂಡ ಜಿಲ್ಲೆಯಲ್ಲಿ ಫ್ಲೋರೈಡ್ ನೀರು ಕುಡಿದು ಬೆನ್ನು ಬಾಗಿದವರ ಕಥೆಯೂ ಬೇರೆಯಲ್ಲ. ಅಲ್ಲಿ ಬೇಕಾಗಿದ್ದುದು ಮಾತ್ರೆಗಿಂತ ಮೊದಲು ಶುದ್ಧ ನೀರಿನ ನಲ್ಲಿ.

ಮಾತ್ರೆ ಅಲ್ಲದೆ ಇನ್ನೇನು?

ಸವೆತದ ಮಂಡಿನೋವಿಗೆ ಜಗತ್ತಿನ ಹೆಚ್ಚಿನ ವೈದ್ಯಕೀಯ ಮಾರ್ಗಸೂಚಿಗಳು ಮೊದಲ ಸ್ಥಾನ ಕೊಡುವುದು ತೊಡೆಯ ಸ್ನಾಯು ಗಟ್ಟಿಗೊಳಿಸುವ ವ್ಯಾಯಾಮ ಮತ್ತು ತೂಕ ಇಳಿಸುವುದಕ್ಕೆ. ಕೇಳಲು ರುಚಿಸದ ಸಲಹೆ, ನಿಜ. ಹೋಟೆಲಿನ ಒಲೆಯ ಮುಂದೆ ದಿನಕ್ಕೆ ಹನ್ನೆರಡು ತಾಸು ನಿಂತೇ ಇರುವ ಕುಂದಾಪುರದ ಅಡುಗೆಯವರಿಗೆ ‘ವ್ಯಾಯಾಮ ಮಾಡಿ’ ಎಂದರೆ ನಗು ಬಂದೀತು. ಅಂಥವರಿಗೆ ಮಾತ್ರೆ ನುಂಗದೆ ಮರುದಿನ ಕೆಲಸಕ್ಕೆ ಹೋಗುವ ದಾರಿಯೇ ಇಲ್ಲ. ರಜೆ ಹಾಕಿದರೆ ಸಂಬಳವಿಲ್ಲ. ಹೀಗಾಗಿ ಕೂತು ಹೆಚ್ಚಲು ಒಂದು ಎತ್ತರದ ಸ್ಟೂಲು, ಕಾಲಡಿಗೆ ಒಂದು ರಬ್ಬರ್ ಹಾಸು ಕೊಡಿಸುವ ಮಾಲೀಕರು ಮಾಡುವ ಉಪಕಾರ ಹತ್ತು ಪಟ್ಟಿ ಮಾತ್ರೆಗಿಂತ ದೊಡ್ಡದು. ಹೋಟೆಲ್ ಉದ್ಯಮಿಗಳೇ ನಮ್ಮ ಸಂಘಗಳ ಪದಾಧಿಕಾರಿಗಳಾಗಿರುವಲ್ಲಿ ಈ ಮಾತು ಅವರ ಕಿವಿಗೆ ಬೀಳಲೆಂದೇ ಇಲ್ಲಿ ಬರೆದದ್ದು.

ಔಷಧವೇ ಬೇಕಾದಾಗ ಮೊಣಕಾಲು, ಕೈಬೆರಳಿನ ನೋವಿಗೆ ಡೈಕ್ಲೊಫೆನಾಕ್ ಮುಲಾಮು ಹಚ್ಚುವುದು ಮಾತ್ರೆಗಿಂತ ಒಳ್ಳೆಯ ಮೊದಲ ಹೆಜ್ಜೆ. ಚರ್ಮದ ಮೂಲಕ ಕೀಲಿಗೆ ತಲುಪುವ ಔಷಧದಲ್ಲಿ ರಕ್ತಕ್ಕೆ ಸೇರುವ ಪಾಲು ತೀರ ಕಡಿಮೆ. ಮಾತ್ರೆ ತೆಗೆದುಕೊಳ್ಳಲೇಬೇಕಾದರೆ ಕೆಲಸ ಮಾಡುವ ಅತಿ ಕಡಿಮೆ ಪ್ರಮಾಣ, ಅತಿ ಕಡಿಮೆ ದಿನ ಎಂಬುದು ವೈದ್ಯಲೋಕ ಒಪ್ಪಿರುವ ಸೂತ್ರ. ಮೂಲ ಕಾರಣ ಕಾಣದ ದೀರ್ಘಕಾಲದ ನೋವಿಗೆ ಈ ಮಾತ್ರೆಗಳನ್ನು ಆರಂಭಿಸಲೇಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ (ಹೆಸರು ಒಂದೇ, ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ) 2021ರಲ್ಲಿ ವೈದ್ಯರಿಗೆ ಸೂಚಿಸಿದೆ.

2022ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಕುತೂಹಲದ ಸಂಗತಿಯೊಂದನ್ನು ಮುಂದಿಟ್ಟರು. ಬೆನ್ನುನೋವು ಬಂದ ಆರಂಭದಲ್ಲಿ ಉರಿಯೂತದ ಜೀವಕೋಶಗಳು ಚುರುಕಾಗಿ ದುಡಿದವರಲ್ಲಿ ನೋವು ಬೇಗ ವಾಸಿಯಾಗಿತ್ತು. ಆ ಹಂತದಲ್ಲಿ ಉರಿಯೂತವನ್ನು ಅಡಗಿಸಿದ ಇಲಿಗಳಲ್ಲಿ ನೋವು ದೀರ್ಘಕಾಲ ಉಳಿಯಿತು. ಬ್ರಿಟನ್ನಿನ ದೊಡ್ಡ ಜನಸಮೂಹದ ದಾಖಲೆ ನೋಡಿದಾಗಲೂ ಈ ಮಾತ್ರೆ ತೆಗೆದುಕೊಂಡವರಲ್ಲಿ ನೋವು ಮುಂದುವರಿದ ಪ್ರಮಾಣ ಹೆಚ್ಚಿತ್ತು. ಹೆಚ್ಚು ನೋವಿದ್ದವರೇ ಹೆಚ್ಚು ಮಾತ್ರೆ ನುಂಗಿರಬಹುದಲ್ಲವೇ ಎಂಬ ಆಕ್ಷೇಪಕ್ಕೆ ಇದು ಪೂರ್ತಿ ಉತ್ತರ ಕೊಡುವುದಿಲ್ಲ. ಇಷ್ಟರಿಂದಲೇ ಮಾತ್ರೆ ನೋವನ್ನು ಬೆಳೆಸುತ್ತದೆ ಎಂದು ತೀರ್ಪು ಕೊಡಲಾಗದು. ಆದರೆ ಉರಿಯೂತವೆಂದರೆ ಕೇವಲ ಶತ್ರುವಲ್ಲ, ದುರಸ್ತಿಯ ಕೆಲಸಗಾರನೂ ಹೌದು ಎಂಬ ಅನುಮಾನಕ್ಕೆ ಅದು ಬಲ ತುಂಬಿದೆ.

ಮಾತ್ರೆ ಬಿಟ್ಟವರು ಹಲವೊಮ್ಮೆ ‘ಪಕ್ಕ ಪರಿಣಾಮವಿಲ್ಲದ’ ಗಿಡಮೂಲಿಕೆ ಪುಡಿಗಳ ಕಡೆ ವಾಲುತ್ತಾರೆ. ಎರಡೇ ದಿನಕ್ಕೆ ನೋವು ಮಾಯವಾದರೆ ಖುಷಿಪಡುವ ಬದಲು ಅನುಮಾನಪಡಬೇಕು; ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆಯನ್ನೇ ಅರೆದು ಬೆರೆಸಿದ್ದು ಹಲವೆಡೆ ಪತ್ತೆಯಾಗಿದೆ. ಕೀಲುವಾತ ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದು 1954ರ ಮಾಂತ್ರಿಕ ಪರಿಹಾರ ಕಾಯ್ದೆಯಡಿ ಅಪರಾಧ. ಇಂಥವನ್ನು ಕಂಡವರು ತೆಲಂಗಾಣ ಔಷಧ ನಿಯಂತ್ರಣ ಆಡಳಿತದ 1800-599-6969 ಸಂಖ್ಯೆಗೆ ದೂರು ಕೊಡಬಹುದು. ಯಾವುದೇ ಮಾತ್ರೆಯಿಂದ ತೊಂದರೆಯಾದರೆ ತಿಳಿಸಲು ರಾಷ್ಟ್ರೀಯ ಔಷಧ ಎಚ್ಚರಿಕೆ ಕಾರ್ಯಕ್ರಮದ 1800-180-3024 ಸಂಖ್ಯೆ ಇದೆ. ಮೆಫೆನಮಿಕ್ ಆಮ್ಲದ ಎಚ್ಚರಿಕೆ ಹೊರಬಿದ್ದದ್ದು ಇಂಥ ವರದಿಗಳ ಆಧಾರದ ಮೇಲೆಯೇ. ಕ್ಯಾನ್ಸರಿನ ನೋವಂತೂ ಈ ಎಲ್ಲ ಚರ್ಚೆಯ ಹೊರಗಿನದು. ಅದಕ್ಕೆ ಮಾರ್ಫಿನ್ ಬೇಕಾಗಬಹುದು, ರೆಡ್ ಹಿಲ್ಸ್‌ನ ಎಂಎನ್‌ಜೆ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ಶಮನ ವಿಭಾಗವೇ ಇದೆ. ಅಂಥ ರೋಗಿಗಳನ್ನು ಡೈಕ್ಲೊಫೆನಾಕ್ ಚುಚ್ಚಿಸಿ ಮನೆಯಲ್ಲಿ ನರಳಲು ಬಿಡಬಾರದು.

ಶಿಬಿರಗಳಿಗೊಂದು ಮಾತು

ಕನ್ನಡ ಸಂಘಗಳು ರಾಜ್ಯೋತ್ಸವದ ಅಂಗವಾಗಿ, ಯುಗಾದಿಯ ಆಸುಪಾಸಿನಲ್ಲಿ ಉಚಿತ ಆರೋಗ್ಯ ಶಿಬಿರ ನಡೆಸುವುದು ವಾಡಿಕೆ. ವೈದ್ಯರು ಬರುತ್ತಾರೆ, ಬಿ.ಪಿ., ಸಕ್ಕರೆ ನೋಡುತ್ತಾರೆ, ಕೊನೆಯಲ್ಲಿ ದಾನಿಗಳು ಕೊಡಿಸಿದ ಮಾತ್ರೆಗಳ ವಿತರಣೆ ಇರುತ್ತದೆ. ಆ ವಿತರಣೆಯಲ್ಲಿ ಅತಿ ಬೇಗ ಖಾಲಿಯಾಗುವುದು ನೋವಿನ ಮಾತ್ರೆಯೇ. ಹದಿನೈದು ದಿನದ ಮಾತ್ರೆ ಕೈಗಿಟ್ಟು ಕಳಿಸಿದ ಮೇಲೆ ಆ ಅಜ್ಜಿಯ ಮೂತ್ರಪಿಂಡ ಏನಾಯಿತೆಂದು ಕೇಳುವ ವ್ಯವಸ್ಥೆ ಶಿಬಿರಕ್ಕಿರುವುದಿಲ್ಲ. ಮಾತ್ರೆ ಹಂಚುವ ಮೇಜನ್ನು ತೆಗೆದುಬಿಟ್ಟು ಅದೇ ಹಣದಲ್ಲಿ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದರೆ ಶಿಬಿರದ ಪುಣ್ಯ ಇಮ್ಮಡಿಯಾದೀತು. ಖರ್ಚು ದೊಡ್ಡದಲ್ಲ, ಒಂದೇ ಸೂಜಿಯಲ್ಲಿ ಸಕ್ಕರೆಯ ಜತೆಗೇ ಮುಗಿಯುವ ಪರೀಕ್ಷೆ.

ಇನ್ನೊಂದು ಕೆಲಸ ಇದಕ್ಕಿಂತ ಸುಲಭದ್ದು. ಶಿಬಿರಕ್ಕೆ ಬರುವವರು ಮನೆಯ ಮಾತ್ರೆ ಡಬ್ಬಿಯನ್ನು ಹಾಗೇ ಚೀಲಕ್ಕೆ ಸುರಿದುಕೊಂಡು ತರಲಿ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸುವುದು. ಔಷಧ ಕಂಪನಿಗಳಲ್ಲಿ ದುಡಿಯುವ ನಮ್ಮವರೇ ಇಬ್ಬರು ಫಾರ್ಮಸಿ ಪದವೀಧರರು ಒಂದು ಮೇಜಿನ ಮುಂದೆ ಕೂತು, ಯಾವುದರಲ್ಲಿ ಯಾವ ಔಷಧವಿದೆ, ಯಾವುದು ಎರಡೆರಡು ಸಲ ಬಂದಿದೆ, ಬಿ.ಪಿ. ಮಾತ್ರೆಗೆ ಯಾವುದು ಹೊಂದುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬಹುದು. ಆ ಚೀಟಿ ವೈದ್ಯರ ಕೈ ಸೇರಲಿ, ನಿರ್ಧಾರ ಅವರದು. ಉರಿ, ಜೋಮು, ಬಿಗಿತ, ಚಳಕು, ಸೆಳೆತ ಈ ಐದಾರು ಮಾತುಗಳಿಗೆ ತೆಲುಗಿನಲ್ಲಿ ಏನೆನ್ನುತ್ತಾರೆ ಎಂಬುದನ್ನು ಚೀಟಿಯ ಹಿಂಬದಿಯಲ್ಲಿ ಅಚ್ಚು ಮಾಡಿಸಿದರೆ ಸೊಸೆಯಂದಿರ ಕಷ್ಟವೂ ಒಂದಿಷ್ಟು ತಗ್ಗೀತು. ಮುಂದಿನ ಶಿಬಿರದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಶಾಲು, ಹಾರ, ಸ್ಮರಣಿಕೆಗಳ ಪಟ್ಟಿಗೆ ಮೊದಲು ಈ ವಿಷಯ ಚರ್ಚೆಗೆ ಬರಬಹುದೇ ಎಂಬುದನ್ನು ಸದಸ್ಯರು ತಮ್ಮ ತಮ್ಮ ಪದಾಧಿಕಾರಿಗಳನ್ನು ಕೇಳಬೇಕಾಗಿದೆ.